ಹಳೇ ರಿವಾಲ್ವರ್, ಪಿಸ್ತೂಲ್ ಕಲೆಕ್ಷನ್ ಶುರು ಮಾಡ್ಬೇಕು ಅಂತಿದೀನಿ, ಮೊದಲ್ನೇದು ಯಾವ್ದು ತಗೊಳ್ಲಿ?

ಸಕಲೇಶಪುರ_ಟು_ಕೊಲಂಬಸ್:

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಇವತ್ತು ಧೈರ್ಯ ಮಾಡಿ ಕೇಳ್ತಿದೀನಿ, ನಗ್ಬೇಡಿ.

ನಮ್ಮಜ್ಜ ಸಕಲೇಶಪುರದ ಹತ್ರ ಒಂದು ಕಾಫಿ ಎಸ್ಟೇಟಲ್ಲಿ ರೈಟರ್ ಆಗಿದ್ರು. ಎಸ್ಟೇಟ್ ರೈಟರ್ ಅಂದ್ರೆ ಮಲೆನಾಡಿನೋರಿಗೆ ಗೊತ್ತಿರುತ್ತೆ, ಕತೆ ಬರೆಯೋರಲ್ಲ, ಆಳುಗಳ ಲೆಕ್ಕ ಬರೆಯೋರು. ಆದ್ರೆ ಕತೆ ಹೇಳೋದ್ರಲ್ಲೂ ಕಮ್ಮಿ ಇರ್ಲಿಲ್ಲ. ಅಲ್ಲಿದ್ದ ದೊರೆ ತೋಟ ಮಾರಿ ಊರಿಗೆ ಹೋಗಿ ಎಷ್ಟೋ ವರ್ಷ ಆಗಿದ್ರೂ ಅಜ್ಜ ಆ ದೊರೆ ರಿವಾಲ್ವರ್ ಕತೆ ಬಿಡ್ತಿರ್ಲಿಲ್ಲ, ನಡು ಮುರಿದ ಹಂಗೆ ಬಗ್ಗಿಸಿದ್ರೆ ಸಾಕು ಆರೂ ತೋಟಾ ಒಟ್ಟಿಗೆ ಎದ್ದು ನಿಲ್ತಿತ್ತು ಕಣೋ ಅಂತ ಬೆರಳಲ್ಲಿ ಮಾಡಿ ತೋರಿಸೋರು. ಅದು ವೆಬ್ಲಿ ಅನ್ನೋ ಬ್ರಿಟಿಷ್ ಕಂಪ್ನೀದು ಅಂತ ನನಗೆ ಗೊತ್ತಾಗಿದ್ದು ಮೊನ್ನೆ ಮೊನ್ನೆ, ಇಲ್ಲಿ ಒಬ್ರು ಆಫೀಸ್ ಫ್ರೆಂಡ್ ಮನೇಲಿ ಅಂಥದ್ದೇ ಒಂದು ಬಗ್ಗಿಸಿ ತೋರಿಸಿದಾಗ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ಅಂದ್ರೆ ನಂಬಿ.

ಈಗ ವಿಷಯಕ್ಕೆ ಬರ್ತೀನಿ. ನಾನು ಓಹಾಯೋದಲ್ಲಿ ಇರೋದು, ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಹದಿನೈದು ವರ್ಷ ಕಾದಿದ್ದಕ್ಕೆ ನನಗೆ ನಾನೇ ಏನಾದ್ರೂ ಕೊಟ್ಕೋಬೇಕು ಅಂತ ಎರಡು ಸಾವಿರ ಡಾಲರ್ ಎತ್ತಿಟ್ಟಿದೀನಿ. ಒಂದೇ ಸಲ ಖರ್ಚು ಮಾಡಲ್ಲ, ವರ್ಷಕ್ಕೆ ಒಂದೋ ಎರಡೋ ತಗೊಂಡು ನಿಧಾನಕ್ಕೆ ಬೆಳೆಸೋಣ ಅಂತ. ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟಿದೆ. ಒಬ್ಬ ಲೂಗರ್ ಅಂತಾನೆ, ಒಬ್ಬ ಕೋಲ್ಟ್ ಅಂತಾನೆ, ಇನ್ನೊಬ್ಬ ಮೌಸರ್ ಸಿ96 ಇಲ್ಲದ ಕಲೆಕ್ಷನ್ ಉಪ್ಪಿಲ್ಲದ ಸಾರು ಅಂತಾನೆ, ಅದರ ರೇಟ್ ನೋಡಿದ್ರೆ ನಂಗೆ ಸಾರೇ ಬೇಡ ಅನ್ಸುತ್ತೆ.

ನನ್ನ ಡೌಟು: ಮೊದಲ್ನೇದು ಯಾವ್ದು ತಗೊಳ್ಳೋದು? ಸ್ಪೆಷಲ್ ಲೈಸನ್ಸ್ ಏನಾದ್ರೂ ಬೇಕಾ? ಮೋಸ ಹೋಗದೆ ಇರೋಕೆ ಏನ್ ನೋಡ್ಬೇಕು? ಮತ್ತೆ ಮುಂದೆ ಯಾವತ್ತಾದ್ರೂ ವಾಪಸ್ ಊರಿಗೆ ಬಂದ್ರೆ ಇವನ್ನ ತರ್ಬೋದಾ? ಹೆಂಡ್ತಿ ಪರ್ಮಿಶನ್ ಅರ್ಧ ಸಿಕ್ಕಿದೆ, ಗುಂಡು ಮನೆ ಒಳಗೆ ಬರ್ಬಾರ್ದು ಅನ್ನೋ ಕಂಡೀಷನ್ ಮೇಲೆ.


ನೀಲಿ_ಸವೆದ_ಕಬ್ಬಿಣ:

ಸ್ವಾಗತ ಸಾರ್, ಹುಚ್ಚರ ಸಂತೆಗೆ. ನಾನು ಹ್ಯೂಸ್ಟನ್ನಲ್ಲಿ ಇರೋದು, ಹದಿನಾಲ್ಕು ವರ್ಷದಿಂದ ಇದೇ ಚಟ, ಈಗ ಇಪ್ಪತ್ತೆರಡು ಇದಾವೆ, ಅದ್ರಲ್ಲಿ ಮೊದಲ ಐದು ಇವತ್ತಾಗಿದ್ರೆ ತಗೊಳ್ತಿರ್ಲಿಲ್ಲ.

ಲೈಸನ್ಸ್ ವಿಷಯ ಮೊದ್ಲು. ಇಲ್ಲಿ ಫೆಡರಲ್ ಕಾನೂನಲ್ಲಿ ಕ್ಯೂರಿಯೋ ಅಂಡ್ ರೆಲಿಕ್ ಅಂತ ಒಂದು ವರ್ಗ ಇದೆ, 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಬಂದೂಕುಗಳು ತಾವಾಗೇ ಅದಕ್ಕೆ ಬೀಳ್ತವೆ. ಇದಕ್ಕೆ ಕಲೆಕ್ಟರ್ ಲೈಸನ್ಸ್ ಕೊಡ್ತಾರೆ, ಟೈಪ್ 03 ಅಂತ, ಮೂರು ವರ್ಷಕ್ಕೆ 30 ಡಾಲರ್. ಕಡ್ಡಾಯ ಏನಿಲ್ಲ, ಆದ್ರೆ ಇದ್ರೆ ಬೇರೆ ಸ್ಟೇಟಿನ ಹ್ಯಾಂಡ್‌ಗನ್ನನ್ನ ಲೋಕಲ್ ಡೀಲರ್ ಮೂಲಕ ಹೋಗದೆ ನೇರ ಮನೆ ಬಾಗಿಲಿಗೆ ತರಿಸ್ಕೋಬೋದು. ಒಂದೊಂದು ಟ್ರಾನ್ಸ್‌ಫರ್‌ಗೆ ಡೀಲರ್ ಕೀಳೋ ದುಡ್ಡು ಲೆಕ್ಕ ಹಾಕಿದ್ರೆ ಎರಡನೇ ಗನ್ನಿಗೇ ಲೈಸನ್ಸ್ ದುಡ್ಡು ವಾಪಸ್. ಬದಲಿಗೆ ನೀವು ಒಂದು ಬೌಂಡ್ ಬುಕ್ ಇಡ್ಬೇಕು, ಯಾವಾಗ ಬಂತು, ಯಾರಿಂದ ಬಂತು, ಸೀರಿಯಲ್ ನಂಬರ್ ಏನು, ಯಾರಿಗೆ ಕೊಟ್ಟೆ ಅಂತ, ಎಟಿಎಫ್‌ನೋರು, ಅಂದ್ರೆ ಬಂದೂಕಿನ ಕಾನೂನು ನೋಡ್ಕೊಳ್ಳೋ ಫೆಡರಲ್ ಇಲಾಖೆಯೋರು, ಬಂದು ಕೇಳಿದ್ರೆ ತೋರಿಸ್ಬೇಕು. ಅಜ್ಜ ರೈಟರ್ ಆಗಿದ್ರು ಅಂದ್ರಲ್ಲ, ಆ ರಕ್ತ ಇಲ್ಲಿ ಉಪಯೋಗಕ್ಕೆ ಬರುತ್ತೆ. ಇನ್ನೊಂದು, ಇದು ಕಲೆಕ್ಟರ್ ಲೈಸನ್ಸ್, ವ್ಯಾಪಾರದ್ದಲ್ಲ, ತಗೊಂಡು ತಗೊಂಡು ಮಾರಿ ಲಾಭ ಮಾಡ್ಕೊಳ್ಳೋಕೆ ಹೋದ್ರೆ ಅದು ಕ್ರೈಮ್. 1898 ಅಥವಾ ಅದಕ್ಕಿಂತ ಮುಂಚೆ ತಯಾರಾಗಿದ್ದು ಫೆಡರಲ್ ಲೆಕ್ಕದಲ್ಲಿ ಫೈರ್‌ಆರ್ಮೇ ಅಲ್ಲ, ಆಂಟಿಕ್. ಆದ್ರೆ ಸ್ಟೇಟ್ ಕಾನೂನು ಬೇರೆ ಬೇರೆ, ಕ್ಯಾಲಿಫೋರ್ನಿಯಾ ನ್ಯೂಯಾರ್ಕ್ ಕಡೆ ಇರೋರು ಇದನ್ನ ಓದಿ ಹಾಗೇ ಮಾಡೋಕೆ ಹೋಗ್ಬೇಡಿ.

ಈಗ ಯಾವ್ದು ತಗೊಳ್ಳೋದು ಅಂತ. ನಿಮ್ಮ ಪ್ರಶ್ನೇಲೇ ಉತ್ತರ ಇದೆ, ಅಜ್ಜನ ಕತೆ ವೆಬ್ಲಿದು, ಹಂಗಾದ್ರೆ ಬ್ರಿಟಿಷ್ ಸರ್ವಿಸ್ ರಿವಾಲ್ವರ್ ಅಂತ ಒಂದೇ ದಾರಿ ಹಿಡೀರಿ. ನಾನು ಮಾಡಿದ ತಪ್ಪು ಏನಂದ್ರೆ ಕಂಡಿದ್ದೆಲ್ಲ ಒಂದೊಂದು ತಗೊಂಡೆ, ಒಂದು ಜರ್ಮನ್, ಒಂದು ಸ್ಪ್ಯಾನಿಶ್, ಒಂದು ಜಪಾನಿ, ಮೂರು ವರ್ಷ ಆದ್ಮೇಲೆ ನೋಡಿದ್ರೆ ಕಪಾಟಿನಲ್ಲಿ ಮದುವೆ ಮನೆ ಚಪ್ಪಲಿ ರಾಶಿ ಥರ ಇತ್ತು. ಒಂದೇ ದಾರೀಲಿ ನಡೆದ್ರೆ ಎರಡನೇ ಗನ್ ಮೊದಲ್ನೇದರ ಬಗ್ಗೆ ಏನೋ ಹೇಳುತ್ತೆ. ಉದಾಹರಣೆಗೆ ವೆಬ್ಲಿ ಮಾರ್ಕ್ 6, 1915ರಲ್ಲಿ ಬಂದಿದ್ದು, .455 ಬೋರ್ (ಬೋರ್ ಅಂದ್ರೆ ನಳಿಗೆ ಒಳಗಿನ ಅಳತೆ), ಒಂದು ಕೆಜಿ ಮೇಲೆ ತೂಕ, ಮೊದಲ ಮಹಾಯುದ್ಧದ ಕೆಸರಿಗೆ ಮಾಡಿದ್ದು. ಯುದ್ಧ ಮುಗಿದ್ಮೇಲೆ ಇದು ಸೈನಿಕರ ಕೈಗೆ ತೀರಾ ಭಾರ ಆಯ್ತು ಅಂತ ಸರ್ಕಾರ .38ಕ್ಕೆ ಇಳೀತು, ವೆಬ್ಲಿ ಕಂಪ್ನಿಯೋರು ಡಿಸೈನ್ ಕೊಟ್ರು, ಸರ್ಕಾರ ಅದನ್ನ ನೋಡ್ಕೊಂಡು ಎನ್‌ಫೀಲ್ಡ್‌ನ ತನ್ನ ಸ್ವಂತ ಕಾರ್ಖಾನೇಲಿ ಎನ್‌ಫೀಲ್ಡ್ ನಂಬರ್ 2 ಅಂತ ಮಾಡ್ಕೊಂಡ್ತು, 1932ರಲ್ಲಿ. ವೆಬ್ಲಿ ಕೇಸ್ ಹಾಕಿ, ಕೊನೆಗೆ ರಾಯಲ್ ಕಮಿಷನ್ನಿಂದ ಸಿಕ್ಕಿದ್ದು 1,250 ಪೌಂಡ್. ಎರಡನೇ ಮಹಾಯುದ್ಧ ಬಂದಾಗ ಎನ್‌ಫೀಲ್ಡ್ ಒಂದೇ ಸಾಲ್ದೆ ಅದೇ ಸರ್ಕಾರ ಅದೇ ವೆಬ್ಲಿ ಬಾಗ್ಲಿಗೆ ಹೋಗಿ ಅವರ ಮಾರ್ಕ್ 4 ತಗೊಂಡ್ತು, ಅದೂ ಸಾಲ್ದೆ ಅಮೆರಿಕದಿಂದ ಸ್ಮಿತ್ ಅಂಡ್ ವೆಸನ್ ವಿಕ್ಟರಿ ಮಾಡೆಲ್ ತರಿಸ್ಕೊಂಡ್ತು. ಈ ನಾಲ್ಕನ್ನ ಒಂದು ಟೇಬಲ್ ಮೇಲೆ ಇಟ್ರೆ ಮೂವತ್ತು ವರ್ಷದ ಜಗಳ ಪೂರ್ತಿ ಕಾಣುತ್ತೆ. ನಾಲ್ಕೇ ಗನ್ನು!

ಮೊದಲ್ನೇದಕ್ಕೆ ಮಾರ್ಕ್ 6 ಬೇಡ, ಯಾಕಂತ ಹೇಳ್ತೀನಿ. ಅಮೆರಿಕಕ್ಕೆ ಬಂದ ಮಾರ್ಕ್ 6ಗಳಲ್ಲಿ ಲೆಕ್ಕವಿಲ್ಲದಷ್ಟಕ್ಕೆ ತೋಟಾ ಕೂರೋ ಸಿಲಿಂಡರಿನ ಹಿಂಭಾಗ ಕೆರೆದುಬಿಟ್ಟಿದಾರೆ, .45 ಎಸಿಪಿ ಅನ್ನೋ ಪಿಸ್ತೂಲ್ ತೋಟಾ ಕ್ಲಿಪ್ಪಲ್ಲಿ ಹಾಕೋಕೆ ಅನುಕೂಲ ಆಗ್ಲಿ ಅಂತ. .455 ತೋಟಾ ಸಿಗೋದು ಕಷ್ಟ ಇತ್ತು, ಅದಕ್ಕೆ ಹಂಗೆ ಮಾಡಿದ್ರು, ಆದ್ರೆ ಫ್ಯಾಕ್ಟರಿ .45 ಎಸಿಪಿಯ ಪ್ರೆಶರ್ ಆ ಹಳೇ ಸಿಲಿಂಡರ್ ತಡ್ಕೊಳ್ಳೋಕೆ ಅಂತ ಮಾಡಿದ್ದಕ್ಕಿಂತ ಎಷ್ಟೋ ಜಾಸ್ತಿ. ಕೆರೆದಿದ್ದು ಕಲೆಕ್ಟರ್ ಲೆಕ್ಕದಲ್ಲಿ ಮೂಗು ಕೊಯ್ದ ವಿಗ್ರಹ, ಶೂಟರ್ ಲೆಕ್ಕದಲ್ಲಿ ಅಪಾಯ. ಕೆರೀದೆ ಇರೋದಕ್ಕೆ ದುಡ್ಡು ಜಾಸ್ತಿ.

ವಿಕ್ಟರಿಯಿಂದ ಶುರು ಮಾಡಿ. ಸಾಕಷ್ಟು ಸಿಗುತ್ತೆ, ಸ್ಪೇರ್ ಪಾರ್ಟ್ ಸಿಗುತ್ತೆ, ನಿಮ್ಮ ಬಜೆಟ್ಟಿನ ಅರ್ಧದೊಳಗೆ ಚೆನ್ನಾಗಿರೋದೇ ಬರುತ್ತೆ. ಆದ್ರೆ ಅದ್ರಲ್ಲೂ ಒಂದು ಗುಂಡಿ ಇದೆ, ನಾನು ಬಿದ್ದಿದೀನಿ. ನನ್ನ ಮೊದಲ ವಿಕ್ಟರಿ ಒಂದು ಅಂಗಡೀಲಿ ತಗೊಂಡೆ, ಚಿಕ್ಕ ಬ್ಯಾರಲ್, ಫಳಫಳ ಕಪ್ಪು ಬಣ್ಣ, ಏನ್ ಚೆನ್ನಾಗಿದೆ ಅಂತ ಕುಣ್ಕೊಂಡು ಬಂದೆ. ಮನೇಗೆ ಬಂದು ಓದಿದಾಗ ಗೊತ್ತಾಗಿದ್ದು, ಬ್ರಿಟಿಷರಿಗೆ ಹೋಗಿದ್ದು ಹೆಚ್ಚುಪಾಲು 5 ಇಂಚಿನ ಬ್ಯಾರಲ್, .38 ಎಸ್ ಅಂಡ್ ಡಬ್ಲ್ಯೂ ತೋಟಾದ್ದು. ಯುದ್ಧ ಆದ್ಮೇಲೆ ಯಾರೋ ಬ್ಯಾರಲ್ ಕತ್ತರಿಸಿ, ಚೇಂಬರ್ (ಸಿಲಿಂಡರಲ್ಲಿ ತೋಟಾ ಕೂರೋ ತೂತು) ಕೊರೆದು .38 ಸ್ಪೆಷಲ್ ಮಾಡಿ, ಮೇಲೆ ಹೊಸದಾಗಿ ಬ್ಲೂ ಮಾಡಿ, ಅಂದ್ರೆ ಹೊಳೆಯೋ ಕಪ್ಪು ಬಣ್ಣ ಬರಿಸಿ, ಮಾರಿದ್ರು. ಅದರ ಮೂಲ ಬಣ್ಣ ಮಂಕು ಬೂದು, ಪಾರ್ಕರೈಸಿಂಗ್ ಅನ್ನೋ ಲೇಪದ ಥರ, ಹೊಳೆಯೋದೇ ಇಲ್ಲ. ಅಂದ್ರೆ ಹೊಳೆಯೋದೇ ನಂಗೆ ವಾರ್ನಿಂಗ್ ಆಗ್ಬೇಕಿತ್ತು. .38 ಸ್ಪೆಷಲ್ ತೋಟಾ ಸ್ವಲ್ಪ ತೆಳ್ಳಗೆ ಆದ್ರೆ ಉದ್ದ, ಕೊರೆದ ಚೇಂಬರಲ್ಲಿ ಹಾರಿಸಿದ್ರೆ ಕೇಸ್ ಹಿಂದ್ಗಡೆ ಬಸುರಿ ಥರ ಉಬ್ಕೊಂಡು ಸೀಳುತ್ತೆ. ಪರೀಕ್ಷೆ ಸುಲಭ: .38 ಸ್ಪೆಷಲ್ಲಿನ ಒಂದು ಡಮ್ಮಿ ಸ್ನ್ಯಾಪ್ ಕ್ಯಾಪ್ ಜೇಬಲ್ಲಿ ಇಟ್ಕೊಂಡು ಹೋಗಿ, ಅಂಗಡಿಯವ್ರನ್ನ ಕೇಳಿ ಹಾಕಿ ನೋಡಿ, ಪೂರ್ತಿ ಒಳಗೆ ಹೋಗಿ ಕೂತ್ರೆ ಕೊರೆದಿದಾರೆ ಅಂತ ಅರ್ಥ, ಅಲ್ಲೇ ಇಟ್ಟು ಎದ್ದು ಬನ್ನಿ.

ಮತ್ತೆ ಸೀರಿಯಲ್ ನಂಬರ್, ಹಿಡಿಯ ಕೆಳಗೆ ಇರೋದೇ ಸಿಲಿಂಡರ್ ಹಿಂಭಾಗದಲ್ಲೂ, ಬ್ಯಾರಲ್ಲಿನ ಅಡಿಯಲ್ಲೂ ಇರ್ಬೇಕು. ಗ್ರಿಪ್ ಬಿಚ್ಚೋಕೆ ಬಿಟ್ರೆ ಬಲಗಡೆ ಮರದ ಒಳಮೈ ನೋಡಿ, ಅಲ್ಲೂ ಅದೇ ನಂಬರ್ ಸಿಕ್ರೆ ಲಾಟರಿ. ಬಿಚ್ಚೋಕೆ ಮನೇಲಿರೋ ಸ್ಕ್ರೂಡ್ರೈವರ್ ಮಾತ್ರ ಮುಟ್ಬೇಡಿ, ಗನ್‌ಸ್ಮಿತ್ ಬಳಸೋ ಹಾಲೋ ಗ್ರೌಂಡ್ ಸ್ಕ್ರೂಡ್ರೈವರ್ ತುದಿಯೇ ಬೇಕು, ಸ್ಕ್ರೂ ತಲೆ ಕಿತ್ತೋದ್ರೆ ಹಿಂದಿನ ಓನರ್ ಎಂಥವ್ನು ಅಂತ ಎಲ್ಲರಿಗೂ ಗೊತ್ತಾಗುತ್ತೆ, ಮುಂದಿನೋರಿಗೆ ಆ ಹಿಂದಿನ ಓನರ್ ನೀವೇ.


ಇನ್ನೂ_ಎಚ್‌ಒನ್:

ಸೂಪರ್ ಥ್ರೆಡ್ಡು. ನಾನು ಡಲಾಸ್, ಎಚ್ ಒನ್ ಬಿ, ಐ140 (ಗ್ರೀನ್ ಕಾರ್ಡಿಗೆ ಕಂಪ್ನಿ ಹಾಕೋ ಅರ್ಜಿ) ಅಪ್ರೂವ್ ಆಗಿದೆ. ಫ್ರೆಂಡ್ ಹೆಸರಲ್ಲಿ ತಗೊಂಡು ನಮ್ಮನೇಲಿ ಇಟ್ಕೋಬೋದಾ, ಬರೀ ಶೋಗೆ?


ನೀಲಿ_ಸವೆದ_ಕಬ್ಬಿಣ:

ಬೇಡ ಗುರು, ದಯವಿಟ್ಟು ಬೇಡ. ನಾನ್‌ಇಮಿಗ್ರೆಂಟ್ ವೀಸಾದಲ್ಲಿ ಇರೋರು ಬಂದೂಕು, ತೋಟಾ ಎರಡನ್ನೂ ಇಟ್ಕೊಳ್ಳೋ ಹಾಗಿಲ್ಲ ಅಂತ ಫೆಡರಲ್ ಕಾನೂನೇ ಇದೆ. ಬೇಟೆ ಲೈಸನ್ಸ್ ಇದ್ರೆ ಅಂತ ಒಂದು ವಿನಾಯಿತಿ ಉಂಟು, ಆದ್ರೆ ಯಾರೋ ಅಂಗಡಿಯವ್ನ ಮಾತು ಕೇಳಿ ಅದರ ಮೇಲೆ ನಿಂತ್ಕೊಳ್ಳೋಕೆ ಮುಂಚೆ ಇಮಿಗ್ರೇಷನ್ ಲಾಯರ್ ಹತ್ರ ಕೂತು ಮಾತಾಡು. ಇನ್ನು ಫ್ರೆಂಡ್ ಹೆಸರಲ್ಲಿ ನಿನಗೋಸ್ಕರ ತಗೊಳ್ಳೋದು, ಅದು ಅವನ ಕಡೆಯಿಂದ ಫಾರಂನಲ್ಲಿ ಸುಳ್ಳು, ಅವನಿಗೂ ಫೆಲೊನಿ ನಿನಗೂ ಫೆಲೊನಿ. ಇಷ್ಟು ವರ್ಷ ಕ್ಯೂನಲ್ಲಿ ನಿಂತಿದ್ದು ಒಂದು ಹಳೇ ಕಬ್ಬಿಣಕ್ಕೆ ಕಳ್ಕೋಬೇಡ. ಆ ಆಂಟಿಕ್ ಕ್ಯಾಟಗರಿ ಅಂತ ಕೇಳ್ಬೇಡ, ನಿನ್ನ ಪರಿಸ್ಥಿತೀಲಿ ಅದಕ್ಕೂ ಲಾಯರೇ. ಅಲ್ಲಿವರೆಗೆ ಪುಸ್ತಕ ಓದು, ಮ್ಯೂಸಿಯಂ ನೋಡು, ಗ್ರೀನ್ ಕಾರ್ಡ್ ಬರೋಷ್ಟರಲ್ಲಿ ನಮಗಿಂತ ಜಾಸ್ತಿ ಗೊತ್ತಿರುತ್ತೆ ನಿಂಗೆ.


ಧಾರವಾಡ_ಪೇಡಾ_ಮಿಶಿಗನ್:

ನೀಲಿ ಅಣ್ಣಾರು ಹೇಳಿದ್ದು ಬರೋಬ್ಬರಿ ಐತಿ, ಖರೆ ನಾ ಒಂದ್ ಮಾತಿಗೆ ಒಪ್ಪೂದಿಲ್ಲ. ಮೊದಲಿಗೇನ ನೂರೆಂಟು ಮಾರ್ಕು, ನೂರೆಂಟು ಗುಂಡಿ ಇರೂದಕ್ಕ ಯಾಕ ಕೈ ಹಾಕಬೇಕ್ರಿ? ರಷ್ಯಾದ ನಾಗಂತ್ 1895 ತಗೋರಿ. ಹದಿನೈದಿಪ್ಪತ್ತು ವರ್ಷದ ಹಿಂದ ನೂರು ಡಾಲರ್ ಒಳಗ ಸಿಗತಿತ್ತು, ಚರ್ಮದ ಹೋಲ್‌ಸ್ಟರು, ಕ್ಲೀನಿಂಗ್ ರಾಡು ಎಲ್ಲಾ ಕೂಡಿ ಬರತಿತ್ತು, ಈಗ ರೇಟ್ ಏರೇತಿ, ಆದ್ರೂ ಇವ್ರು ಹೇಳೋ ವೆಬ್ಲಿಗಿಂತ ಕಡಿಮಿನ.

ಮತ್ತ ಯಂತ್ರ ಅಂದ್ರ ಅದು ಯಂತ್ರ ನೋಡ್ರಿ. ಬೆಲ್ಜಿಯಮ್ಮಿನ ನಾಗಂತ್ ಅನ್ನಾವ ಮಾಡಿದ್ದು, ಏಳು ತೋಟಾ, ಆರಲ್ಲ. ಸಾದಾ ರಿವಾಲ್ವರಿನ್ಯಾಗ ಸಿಲಿಂಡರಿಗೂ ಬ್ಯಾರಲ್ಲಿಗೂ ನಡುವ ಒಂದು ಸಂದು ಇರತೈತಿ, ಗ್ಯಾಸ್ ಅಲ್ಲಿಂದ ಪಿಚಕ್ ಅಂತ ಹೊರಗ ಬರತೈತಿ. ಇದರಾಗ ಹ್ಯಾಮರ್ ಏರಿಸಿದ ಕೂಡಲೇ ಸಿಲಿಂಡರು ಮುಂದಕ್ಕ ಸರದು ಬ್ಯಾರಲ್ಲಿಗೆ ಹೋಗಿ ಅಂಟಿಕೊಳ್ಳತೈತಿ, ತೋಟಾದ ಬಾಯಿ ಗುಂಡಿಗಿಂತ ಮುಂದ ಚಾಚಿರತೈತಿ, ಅದು ಹೋಗಿ ಸಂದು ಮುಚ್ಚತೈತಿ. ಇಷ್ಟೆಲ್ಲಾ ಮಾಡೂದಕ್ಕ ಡಬಲ್ ಆಕ್ಷನ್ ಟ್ರಿಗರ್, ಅಂದ್ರ ಹ್ಯಾಮರ್ ಕೈಲೆ ಏರಿಸದ ನೇರ ಜಗ್ಗೂದು, ಎಷ್ಟು ಬಿಗಿ ಅಂದ್ರ ಬಾವಿಯಿಂದ ಕೊಡಾ ಸೇದಿದಂಗ ಆಗತೈತಿ. ನನ್ನ ಮಗಳು, ಕಾಲೇಜಿಗೆ ಹೋಗ್ತಾಳ, ಖಾಲಿ ಗನ್ನಿನ್ಯಾಗ ಸ್ನ್ಯಾಪ್ ಕ್ಯಾಪ್ ಹಾಕಿ ಜಗ್ಗಿ ನೋಡಿ, ಅಪ್ಪಾ ರಷ್ಯಾದವರು ಯುದ್ಧ ಹೆಂಗ ಗೆದ್ದರು ಅಂತ ಕೇಳಿದ್ಳು.

ಒಂದ್ ಎಚ್ಚರಿಕಿ. ಹಳೇ ಸೋವಿಯತ್ ಸರ್ಪ್ಲಸ್ ತೋಟಾ ಹೊಡದ್ರ ಅದರ ಪ್ರೈಮರು (ಮದ್ದಿಗೆ ಕಿಡಿ ಹಚ್ಚೋ ಭಾಗ) ಉಪ್ಪು ಬಿಡತೈತಿ, ಬರೇ ಎಣ್ಣಿ ಹಚ್ಚಿದ್ರ ಉಪ್ಪು ಹೋಗೂದಿಲ್ಲ. ಅವತ್ತ ರಾತ್ರೀನ ಬಿಸಿನೀರು ಹಾಕಿ ತೊಳದು, ಒಣಗಿಸಿ, ಆಮ್ಯಾಲ ಎಣ್ಣಿ. ನಾಳೆ ಮಾಡಿದ್ರಾತು ಅಂದ್ರ ನಾಳೆ ನಳಿಗ್ಯಾಗ ಕೆಂಪಗ ಮೂಡಿರತೈತಿ. ಲೂಗರ್ ಆಸೆ ಇದ್ರ ಈಗ ಬ್ಯಾಡ್ರಿ, ಅದರ ಸಣ್ಣ ಸಣ್ಣ ಭಾಗದ ಮ್ಯಾಲೂ ಸೀರಿಯಲ್ಲಿನ ಕೊನೀ ಎರಡಂಕಿ ಹೊಡದಿರತಾರ, ಒಂದು ಕೂಡಲಿಲ್ಲಂದ್ರೂ ರೇಟು ಧಡಕ್ಕನ ಬೀಳತೈತಿ, ಅದಕ್ಕ ಹೊಸಾ ನಂಬರ್ ಹೊಡದು ಮಾರೋ ಜಾಣರೂ ಇದ್ದಾರ. ಕಣ್ಣು ಪಳಗಿದ ಮ್ಯಾಲ ಆ ಕಡೆ ಹೋಗ್ರಿ.


ಶಾಂತಿ_ಮಂತ್ರ:

ಬೇಜಾರ್ ಮಾಡ್ಕೋಬೇಡಿ, ಆದ್ರೆ ಇದೆಲ್ಲ ಯಾಕ್ ಸಾರ್ ಬೇಕು? ದಿನಾ ನ್ಯೂಸಲ್ಲಿ ಸ್ಕೂಲ್ ಶೂಟಿಂಗ್ ನೋಡ್ತಾ ಇದ್ದೀವಿ. ಸ್ಟ್ಯಾಂಪ್ ಕಲೆಕ್ಟ್ ಮಾಡಿ, ಹಳೇ ಕಾಯಿನ್ ಮಾಡಿ. ಮನೇಲಿ ಮಕ್ಕಳಿಲ್ವಾ?


ಸಕಲೇಶಪುರ_ಟು_ಕೊಲಂಬಸ್:

ಬೇಜಾರೇನಿಲ್ಲ, ಇದೇ ಪ್ರಶ್ನೆ ನಮ್ಮನೇಲೂ ಮೂರು ತಿಂಗಳು ನಡೀತು. ಮಗ ಇದಾನೆ, ಒಂಬತ್ತು ವರ್ಷ. ಅದಕ್ಕೇ ಗನ್ನಿಗೆ ಮುಂಚೆ ಸೇಫ್ ಬಂತು, ನೆಲಕ್ಕೆ ಬೋಲ್ಟ್ ಹಾಕಿಸಿದೀನಿ, ಖಾಲಿ ಸೇಫ್ ನೋಡಿ ನಮ್ಮತ್ತೆ ವಿಡಿಯೋ ಕಾಲಲ್ಲಿ ಇಷ್ಟು ದೊಡ್ಡ ಬೀರು ಒಡವೆಗಾ ಅಂತ ಖುಷಿಪಟ್ರು. ಗುಂಡು ತರಲ್ಲ. ಸ್ಟ್ಯಾಂಪ್ ಮಾಡಿದ್ದೆ ಹೈಸ್ಕೂಲಲ್ಲಿ, ಗೆದ್ದಲು ತಿಂತು.

ನಾಗಂತ್ ಸಲಹೆಗೆ ಥ್ಯಾಂಕ್ಸ್ ಸರ್, ನಿಮ್ಮ ಮಗಳ ಮಾತು ಕೇಳಿ ನಕ್ಕು ನಕ್ಕು ಸಾಕಾಯ್ತು. ಆದ್ರೆ ನನ್ನ ತಲೆ ಬ್ರಿಟಿಷ್ ಕಡೇಗೇ ವಾಲಿದೆ, ಅಜ್ಜನ ಬೆರಳು ಕಣ್ಮುಂದೆ ಬರುತ್ತೆ. ಊರಿಗೆ ತರೋ ವಿಷಯ ಯಾರಾದ್ರೂ ಹೇಳ್ತೀರಾ?


ಕಾಫಿ_ಮೆಣಸು_ಕೋವಿ:

ಊರಿನ ವಿಷಯ ನಾನು ಹೇಳ್ತೇನೆ. ನಾನು ಕೊಡಗು, ಈಗ ಇರೋದು ಬೆಂಗಳೂರು.

ಮೊದಲಿಗೆ, ಅಮೆರಿಕದಲ್ಲಿ ಇಪ್ಪತ್ತು ಸೇರಿಸಿ ಊರಿಗೆ ಕಂಟೇನರಲ್ಲಿ ತರ್ತೇನೆ ಅನ್ನೋ ಕನಸು ಇದ್ರೆ ಈಗಲೇ ಬಿಟ್ಟುಬಿಡಿ. ನಮ್ಮಲ್ಲಿ ಆರ್ಮ್ಸ್ ಆಕ್ಟ್ 1959. ಮೊದಲು ಒಬ್ಬರಿಗೆ ಮೂರು ಬಂದೂಕು ಇಟ್ಕೊಳ್ಳೋಕೆ ಅವಕಾಶ ಇತ್ತು, 2019ರ ತಿದ್ದುಪಡಿ ಬಂದು ಎರಡೇ ಆಯ್ತು. ಮೂರನೇದು ಇದ್ದೋರು ಸರೆಂಡರ್ ಮಾಡಿದ್ರು, ನಮ್ಮ ಪರಿಚಯದೋರೊಬ್ರು ಅಪ್ಪನ ಜೋಡು ನಳಿಗೆ ಕೊಟ್ಟು ಬಂದ ದಿನ ಊಟ ಮಾಡ್ಲಿಲ್ಲ. ಹಾಗಾಗಿ ಕಲೆಕ್ಷನ್ ಅನ್ನೋ ಮಾತೇ ಇಲ್ಲಿ ಎರಡಕ್ಕೆ ಮುಗೀತು. ಇಂಟರ್‌ನ್ಯಾಷನಲ್ ಮಟ್ಟದ ಶೂಟರ್‌ಗಳಿಗೆ ಬೇರೆ ಲೆಕ್ಕ, ಅದು ನನಗೂ ನಿಮಗೂ ಅಲ್ಲ.

ಎರಡನೇದು ಬೋರ್. ಸೈನ್ಯ, ಪೊಲೀಸಿನೋರು ಬಳಸ್ತಿದ್ದ .303, .38, .455, 9 ಎಂಎಂ ಇಂಥದ್ದೆಲ್ಲ ಇಲ್ಲಿ ಪ್ರೊಹಿಬಿಟೆಡ್ ಬೋರ್, ಅದಕ್ಕೆ ಡಿಸಿ ಆಫೀಸ್ ಲೈಸನ್ಸ್ ಸಾಲೋದಿಲ್ಲ, ದೆಹಲಿ ಗೃಹ ಇಲಾಖೆ ತನಕ ಹೋಗ್ಬೇಕು. ನಿಮ್ಮಜ್ಜನ ದೊರೆ ರಿವಾಲ್ವರ್ ಇವತ್ತು ಎಸ್ಟೇಟ್ ಬಂಗಲೇಲಿ ಸಿಕ್ರೂ ಸುಮ್ನೆ ಹಾಗೇ ಯಾರೂ ಇಟ್ಕೊಳ್ಳೋ ಹಾಗಿಲ್ಲ. ಇಲ್ಲಿ ಜನ .32 ರಿವಾಲ್ವರ್ ಹಿಂದೆ ಬೀಳೋದು ಅದಕ್ಕೇ. ಕಾನ್ಪುರದಲ್ಲಿ ಸರ್ಕಾರಿ ಫ್ಯಾಕ್ಟರಿ ಮಾಡೋ .32 ರಿವಾಲ್ವರ್ ಕೈಗೆ ತಗೊಂಡು ಬಗ್ಗಿಸಿ ನೋಡಿ, ನಿಮ್ಮ ವೆಬ್ಲಿಯ ಮೊಮ್ಮಗನೇ. ವೆಬ್ಲಿ ಕಂಪ್ನಿ ಹೆಸರಲ್ಲೇ ಈಗ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆ ಸಂಡೀಲಾದಲ್ಲಿ .32 ತಯಾರಾಗ್ತಿದೆ, ಬರ್ಮಿಂಗ್‌ಹ್ಯಾಮಿಂದ ಸಂಡೀಲಾಗೆ, ನೋಡಿ ಕಾಲ ಹೇಗೆ ತಿರುಗ್ತದೆ. ಎಂಬತ್ತರ ದಶಕದ ಮಧ್ಯದಿಂದ ಹೊರಗಿಂದ ತರೋದು ನಿಂತ ಮೇಲೆ, ಅದಕ್ಕೂ ಮುಂಚೆ ಬಂದಿದ್ದ ಇಂಗ್ಲಿಷ್, ಜರ್ಮನ್ ಪೀಸುಗಳಿಗೆ ಇಲ್ಲಿ ಕೇಳೋ ರೇಟ್ ಕೇಳಿದ್ರೆ ನಿಮ್ಮ ಎರಡು ಸಾವಿರ ಡಾಲರ್ ಅಡ್ವಾನ್ಸಿಗೂ ಆಗ್ಲಿಕ್ಕಿಲ್ಲ.

ಮೂರನೇದು, ಇಲ್ಲಿ ಹಳೇದೆಲ್ಲ ಲೈಸನ್ಸ್ ಬೇಡ ಅಂತ ಒಂದು ತಪ್ಪು ತಿಳುವಳಿಕೆ ಓಡಾಡ್ತಾ ಉಂಟು. ಆಕ್ಟಿನ 45ನೇ ಸೆಕ್ಷನ್ನಲ್ಲಿ ಹೇಳೋದು ಬೇರೆ, ಹಳೇ ಮಾದರಿ ಆಗಿರ್ಬೇಕು ಅಥವಾ ಪುರಾತನ ಬೆಲೆ ಇರ್ಬೇಕು, ಜೊತೆಗೆ ರಿಪೇರಿ ಮಾಡಿದ್ರೂ ಹಾರದ ಸ್ಥಿತೀಲಿ ಇರ್ಬೇಕು. ಹಳೇದು ಆದ್ರೆ ಹಾರ್ತದೆ ಅಂದ್ರೆ ಆ ಸೆಕ್ಷನ್ ನಿಮ್ಮನ್ನ ಕಾಪಾಡೋದಿಲ್ಲ. 2020ರ ಫೆಬ್ರವರೀಲಿ ಕ್ಯೂರಿಯೋ ವರ್ಗದ ಸಣ್ಣ ಆಯುಧ ಭಾರತೀಯರು ತಗೊಂಡು ಇಟ್ಕೊಳ್ಳೋಕೆ ಲೈಸನ್ಸ್ ಬೇಡ ಅಂತ ರೂಲ್ ಬದಲಾಯ್ತು, ಆದ್ರೆ ಬಳಸೋದಕ್ಕೆ, ಹೊರಗೆ ಒಯ್ಯೋದಕ್ಕೆ ಲೈಸನ್ಸ್ ಬೇಕೇ ಬೇಕು, ಲೈಸನ್ಸಲ್ಲಿ ನಮೂದಾಗದೆ ತೋಟಾ ಕೊಡೋದೂ ಇಲ್ಲ. ಅಟ್ಟದಲ್ಲಿ ಏನಾದ್ರೂ ಸಿಕ್ಕಿದ್ರೆ ನೀವೇ ಕ್ಯೂರಿಯೋ ಅಂತ ತೀರ್ಮಾನ ಮಾಡ್ಬೇಡಿ, ಮುಟ್ಟದೆ ಲಾಯರನ್ನ ಕರ್ಕೊಂಡು ಹೋಗಿ ಡಿಸಿ ಆಫೀಸ್ ಆರ್ಮ್ಸ್ ಸೆಕ್ಷನ್ನಲ್ಲಿ, ಬೆಂಗಳೂರಾದ್ರೆ ಕಮಿಷನರ್ ಆಫೀಸಲ್ಲಿ ಕೇಳಿ. ಮನೆಯ ಹಿರಿಯರ ಲೈಸನ್ಸ್ ಕೋವಿ ಇದ್ರೆ, ಅವರಿಗೆ 70 ವರ್ಷ ಆದ ಮೇಲೆ ಅಥವಾ 25 ವರ್ಷ ಇಟ್ಕೊಂಡ ಮೇಲೆ ವಾರಸುದಾರರಿಗೆ ಮಾಡಿಸೋ ದಾರಿ 2016ರ ರೂಲ್ಸಲ್ಲಿ ಉಂಟು, ಅಪ್ಪ ಇರುವಾಗ್ಲೇ ಆ ಕೆಲಸ ಮುಗಿಸಿ, ಆಮೇಲೆ ಅಲೆದಾಟ.

ಕೊಡಗಿನೋರಿಗೆ ಎಲ್ಲಾ ಫ್ರೀ ಅಂತ ಯಾರಾದ್ರೂ ಬರೀತಾರೆ, ಅದಕ್ಕೆ ಮುಂಚೆಯೇ ಹೇಳ್ತೇನೆ. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಲೈಸನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಉಂಟು, ಈಗಿಂದು 2029ರ ಅಕ್ಟೋಬರ್ ತನಕ, ಹೈಕೋರ್ಟ್ 2021ರಲ್ಲಿ ಸರಿ ಅಂತ ಎತ್ತಿ ಹಿಡೀತು. ಅದು ಕಲೆಕ್ಷನ್‌ಗೆ ಕೊಟ್ಟಿದ್ದಲ್ಲ. ನಮ್ಮಲ್ಲಿ ತೋಕ್ (ಕೋವಿ) ಅಂದ್ರೆ ದೇವರ ಕೋಣೆ ವಿಷಯ, ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಮನೇಲಿ ಸಾವಾದ್ರೆ ಎರಡು, ನಮ್ಮ ಆಯುಧ ಪೂಜೆ ಹಬ್ಬ ಕೈಲ್‌ಪೊಳ್ದ್ ದಿವಸ ತೋಕ್ ಹೂವು ಹಾಕಿಸ್ಕೊಂಡು ಕೂತಿರ್ತದೆ, ಆಮೇಲೆ ತೆಂಗಿನಕಾಯಿಗೆ ಗುರಿ. ಪಕ್ಕದ ಮಲೆನಾಡಿನ ಲೈಸನ್ಸ್‌ದಾರ ರೈತರು ಪ್ರತೀ ಎಲೆಕ್ಷನ್ನಿಗೂ ಕೋವಿ ಸ್ಟೇಷನ್ನಿಗೆ ಒಪ್ಪಿಸಿ, ಆ ಎರಡು ತಿಂಗಳು ಹಂದಿ ಮಂಗಗಳಿಗೆ ತೋಟ ಬಿಟ್ಟುಕೊಟ್ಟು, ವಾಪಸ್ ತಗೊಳ್ಳುವಾಗ ಎಣ್ಣೆ ಕಾಣದ ನಳಿಗೇಲಿ ತುಕ್ಕು ನೋಡಿ ಬೈಕೊಳ್ಳೋದು ಬೇರೆ ಕತೆ.

ಹಾಗಾಗಿ ಅಲ್ಲೇ ಸೇರ್ಸಿ, ಅಲ್ಲೇ ನೋಡಿ, ಊರಿಗೆ ಬರುವಾಗ ಅಲ್ಲೇ ಯಾರಾದ್ರೂ ಒಳ್ಳೇ ಕೈಗೆ ಕೊಟ್ಟು ಬನ್ನಿ. ಫೋಟೋ ತನ್ನಿ. ಮತ್ತೊಂದು, ಪಾಕಿಸ್ತಾನದ ದರ್ರಾ ಕಡೆ ಕೈಯಲ್ಲೇ ಅರ ಹಾಕಿ ಮಾಡಿದ ವೆಬ್ಲಿ ನಕಲುಗಳೂ ಉಂಟು, ಮುದ್ರೆಯ ಸ್ಪೆಲ್ಲಿಂಗ್ ಓದಿ ನೋಡಿ, ಅಕ್ಷರ ಉಲ್ಟಾ ಇದ್ರೆ ಬರ್ಮಿಂಗ್‌ಹ್ಯಾಮಿನೋರು ಅಷ್ಟು ಕುಡಿದು ಕೆಲಸ ಮಾಡ್ತಿರ್ಲಿಲ್ಲ.


ಸಕಲೇಶಪುರ_ಟು_ಕೊಲಂಬಸ್:

ಅಪ್‌ಡೇಟ್ ಕೊಡ್ತೀನಿ ಅಂತ ಎರಡೂವರೆ ತಿಂಗಳು ಮಾಯ ಆಗಿದ್ದೆ, ಸಾರಿ. ಲೈಸನ್ಸ್ ಬಂತು. ನೋಟ್‌ಬುಕ್ ಕೂಡ ತಗೊಂಡೆ, ಮೊದಲ ಪುಟದಲ್ಲಿ ಶ್ರೀ ಅಂತ ಬರೆದು ಶುರು ಮಾಡಿದೀನಿ, ಎಟಿಎಫ್‌ನೋರು ಅದೇನು ಅಂತ ಕೇಳಿದ್ರೆ ಅಜ್ಜನ ಕಡೆಯ ಪದ್ಧತಿ ಅಂತೀನಿ.

ಮೂರು ಗನ್ ಶೋಗೆ ಹೋದೆ. ಮೊದಲ್ನೇದ್ರಲ್ಲಿ ಒಂದು ಮಾರ್ಕ್ 6 ಸಿಕ್ತು, ಬಗ್ಗಿಸಿದ ತಕ್ಷಣ ತೋಟಾ ಎತ್ತೋ ಎಜೆಕ್ಟರ್ ಎದ್ದು ನಿಂತಾಗ ಕಣ್ಣಲ್ಲಿ ನೀರು ಬಂತು, ಅಲ್ಲೇ ಕಾರ್ಡ್ ತೆಗೆದೆ. ಆಮೇಲೆ ನೀಲಿ ಸಾರ್ ಮಾತು ನೆನಪಾಗಿ ಸಿಲಿಂಡರ್ ಹಿಂಭಾಗ ನೋಡಿದ್ರೆ ಅಲ್ಲಿದ್ದ ಸೀರಿಯಲ್ ನಂಬರ್ ಅರ್ಧ ಅಳಿಸಿಹೋಗಿದೆ, ಕೆರೆದಿದಾರೆ. ಟೇಬಲ್ ಹಿಂದಿದ್ದ ತಾತ, ಇದು ಇಂಪ್ರೂವ್‌ಮೆಂಟ್ ಮಗಾ, .45 ಎಲ್ಲಿ ಬೇಕಾದ್ರೂ ಸಿಗುತ್ತೆ ಅಂದ. ಕಾರ್ಡ್ ವಾಪಸ್ ಜೇಬಿಗೆ.

ಮೂರನೇದ್ರಲ್ಲಿ ವಿಕ್ಟರಿ. 5 ಇಂಚು, ಮಂಕು ಬಣ್ಣ, ಹಿಡಿ ಕೆಳಗೆ ಹಗ್ಗ ಕಟ್ಟೋ ಬಳೆ ಇದೆ. ಡಮ್ಮಿ ಹಾಕಿ ನೋಡ್ದೆ, ಅರ್ಧದಲ್ಲೇ ನಿಂತ್ಕೊಳ್ತು, ಒಳಗೆ ಹೋಗ್ಲಿಲ್ಲ, ಇಷ್ಟು ಖುಷಿ ಯಾವ ಫೇಲ್ಯೂರಿಗೂ ಪಟ್ಟಿರ್ಲಿಲ್ಲ. ಸೀರಿಯಲ್ ಮೂರೂ ಕಡೆ ಒಂದೇ, ವಿ ಅಕ್ಷರದಿಂದ ಶುರು. 520 ಡಾಲರ್ ಕೊಟ್ಟೆ. ಜಾಸ್ತಿ ಆಯ್ತಾ? ಮೈ ತುಂಬ ಏನೇನೋ ಸಣ್ಣ ಸಣ್ಣ ಮುದ್ರೆ, ಒಂದು ಕಡೆ ಎರಡು ಬಾಣ ಮೂತಿಗೆ ಮೂತಿ ಕೊಟ್ಟ ಹಾಗೆ, ಬ್ಯಾರಲ್ ಮೇಲೆ .38 ಆಮೇಲೆ .767, ಮತ್ತೆ ಇಂಗ್ಲಿಷ್ ಮೇಕ್ ಅಲ್ಲ ಅಂತ ಇಂಗ್ಲಿಷಲ್ಲೇ ಕೆತ್ತಿದಾರೆ. ಯಾರೋ ಹಾಳು ಮಾಡಿದಾರಾ ಇದನ್ನ?


ನೀಲಿ_ಸವೆದ_ಕಬ್ಬಿಣ:

ಹಾಳಲ್ಲ ಸಾರ್, ಅದು ಅದರ ಜಾತಕ! 520 ನ್ಯಾಯವಾದ ರೇಟೇ.

ಬಾಣ ಅಂದ್ರೆ ಬ್ರಿಟಿಷ್ ಸರ್ಕಾರದ ಆಸ್ತಿ ಗುರುತು, ಎರಡು ಬಾಣ ಮೂತಿಗೆ ಮೂತಿ ಇಟ್ರೆ ಸರ್ಕಾರ ತನ್ನ ಸೇವೆಯಿಂದ ಇದನ್ನ ಮಾರಿಬಿಟ್ಟಿದೆ ಅಂತ. ಮಾರಿದ್ಮೇಲೆ ಅಲ್ಲಿನ ಕಾನೂನು ಪ್ರಕಾರ ಬಂದೂಕು ಗಟ್ಟಿ ಇದೆಯಾ ಅಂತ ನೋಡೋ ಪ್ರೂಫ್ ಹೌಸಿಗೆ ಹೋಗಿ ಪರೀಕ್ಷೆ ಆಗ್ಬೇಕು, .767 ಅನ್ನೋದು .38 ಎಸ್ ಅಂಡ್ ಡಬ್ಲ್ಯೂ ಕೇಸಿನ ಉದ್ದ, ಇಂಚಿನಲ್ಲಿ. ಅಂದ್ರೆ ಪರೀಕ್ಷೆ ಆಗೋವಾಗ ಚೇಂಬರ್ ಮೂಲದ್ದೇ ಇತ್ತು ಅನ್ನೋಕೆ ಇನ್ನೊಂದು ಸಾಕ್ಷಿ, ನಿಮ್ಮ ಡಮ್ಮಿ ಹೇಳಿದ್ದನ್ನೇ ಅದೂ ಹೇಳ್ತಿದೆ. ಇಂಗ್ಲಿಷ್ ಮೇಕ್ ಅಲ್ಲ ಅನ್ನೋದು ಪ್ರೂಫ್ ಹೌಸಿನೋರ ಬಿಗುಮಾನ, ಹೊರಗಿನ ಮಾಲಿಗೆ ಹಂಗೆ ಒತ್ತೋರು. ಮ್ಯಾಸಚೂಸೆಟ್ಸಲ್ಲಿ ಹುಟ್ಟಿ, ಹಡಗಲ್ಲಿ ಹೋಗಿ, ಯುದ್ಧ ಮುಗಿಸಿ, ಮಾರಾಟ ಆಗಿ, ಓಹಾಯೋಗೆ ವಾಪಸ್ ಬಂದಿದೆ. ಸ್ಮಿತ್ ಅಂಡ್ ವೆಸನ್ನಿನ ಹಿಸ್ಟಾರಿಕಲ್ ಫೌಂಡೇಷನ್‌ಗೆ ಸೀರಿಯಲ್ ನಂಬರ್ ಕೊಟ್ಟು ದುಡ್ಡು ಕಟ್ಟಿದ್ರೆ ಯಾವ ತಾರೀಖು ಎಲ್ಲಿಗೆ ಕಳಿಸಿದ್ರು ಅಂತ ಲೆಟರ್ ಕೊಡ್ತಾರೆ, ಮಾಡಿಸಿಡಿ.

ಈಗ ಏನೂ ಮಾಡ್ಬೇಡಿ ಅದಕ್ಕೆ. ಬಣ್ಣ ಸವೆದಿದ್ರೆ ಸವೆದಿರ್ಲಿ, ರೀಬ್ಲೂ ಅಂತ ಯಾರಾದ್ರೂ ಅಂದ್ರೆ ಫೋನ್ ಕಟ್ ಮಾಡಿ. ಮೆತ್ತಗಿನ ಬಟ್ಟೇಲಿ ಬ್ಯಾಲಿಸ್ಟಾಲ್ ಅನ್ನೋ ಎಣ್ಣೆ ಒರೆಸಿ, ಡಿಸ್‌ಪ್ಲೇಗೆ ಅಂದ್ರೆ ರಿನೈಸಾನ್ಸ್ ವ್ಯಾಕ್ಸ್ ತೆಳ್ಳಗೆ ಹಚ್ಚಿ, ಮ್ಯೂಸಿಯಮ್ಮಿನೋರು ಬಳಸೋದು ಅದನ್ನೇ. ಹೋಲ್‌ಸ್ಟರ್ ಸಿಕ್ರೆ ತಗೊಳ್ಳಿ, ಆದ್ರೆ ಗನ್ ಅದರೊಳಗೆ ಮಲಗಿಸಿಡಬೇಡಿ, ಚರ್ಮ ತೇವ ಹಿಡ್ಕೊಂಡು ಲೋಹ ತಿನ್ನುತ್ತೆ. ಸೇಫ್ ಒಳಗೆ ಸಿಲಿಕಾ ಜೆಲ್. ಮತ್ತೆ ಮನೆ ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿ, ಗನ್ ಕಳ್ಳತನಕ್ಕೆ ಸಾಮಾನ್ಯವಾಗಿ 2,500 ಡಾಲರಿಗೆ ನಿಲ್ಲಿಸಿರ್ತಾರೆ, ಮೂರ್ನಾಲ್ಕು ಆದ್ಮೇಲೆ ಸಾಲಲ್ಲ.


ಧಾರವಾಡ_ಪೇಡಾ_ಮಿಶಿಗನ್:

ಅಭಿನಂದನೆ ರೀ! ಎರಡನೇದು ನಾಗಂತ್, ಹೇಳಿಟ್ಟೀನಿ.


ಸಕಲೇಶಪುರ_ಟು_ಕೊಲಂಬಸ್:

ಒಂದು ಅರ್ಜೆಂಟ್ ಪ್ರಶ್ನೆ. ನಿನ್ನೆ ಆಯುಧ ಪೂಜೆ ಆಯ್ತಲ್ಲ. ಹೆಂಡ್ತಿಗೆ ಅಷ್ಟೊತ್ತಿಗೆ ಗನ್ ಮೇಲೆ ಪ್ರೀತಿ ಬಂದುಬಿಟ್ಟಿದೆ, ಕಾರು, ಲ್ಯಾಪ್‌ಟಾಪ್, ಮಿಕ್ಸಿ ಜೊತೆ ಇದನ್ನೂ ಸೇಫಿಂದ ತೆಗೆಸಿ, ನೀರಲ್ಲಿ ಕಲೆಸಿದ ಅರಿಶಿನ ಕುಂಕುಮ ಸಿಲಿಂಡರ್ ಮೇಲೂ ಬ್ಯಾರಲ್ ಮೇಲೂ ಇಟ್ಟಿದಾಳೆ. ಇವತ್ತು ವಿಜಯದಶಮಿ ಮುಗಿಯೋವರೆಗೂ ಒರೆಸ್ಬಾರ್ದಂತೆ.


ನೀಲಿ_ಸವೆದ_ಕಬ್ಬಿಣ:

ಅಯ್ಯೋ ರಾಮ. ಈಗಲೇ ಒರೆಸಿ, ಇದನ್ನ ಓದಿ ಮುಗಿಸೋದೂ ಬೇಡ. ಬರೀ ಒದ್ದೆ ಬಟ್ಟೆ ಸಾಲಲ್ಲ, ಎಣ್ಣೆ ಹಾಕಿ ಒರೆಸಿ, ಸಿಲಿಂಡರಿನ ಸಂದಿಗೆ ಇಳಿದಿದ್ರೆ ಹತ್ತಿ ಕಡ್ಡೀಲಿ ತೆಗೀರಿ, ಒಣಗಿಸಿ ಮತ್ತೆ ಎಣ್ಣೆ. ನನ್ನ ಎನ್‌ಫೀಲ್ಡ್ ಮೇಲೆ 2016ರ ದಸರಾ ಬೊಟ್ಟು ಇವತ್ತಿಗೂ ಕಂದು ಚುಕ್ಕಿಯಾಗಿ ಕೂತಿದೆ. ನಮ್ಮನೇಲಿ ಈಗ ಬೊಟ್ಟು ಸೇಫಿನ ಬಾಗಿಲಿಗೆ, ಹೂವು ಬೌಂಡ್ ಬುಕ್ ಮೇಲೆ.


ಕಾಫಿ_ಮೆಣಸು_ಕೋವಿ:

ನಮ್ಮಲ್ಲಿ ಹೂವು ಮಾತ್ರ. ಅದೂ ಸಂಜೆಗೆ ತೆಗೆದು ಎಣ್ಣೆ ಹಚ್ಚಿ ಇಡ್ತೇವೆ.